ಎಡಗೈಯಲ್ಲಿ ಹೆಣೆದ ಹೂವು

ನಮ್ಮ ಉಣಕಲ್ಲಿನ ಓಣಿಯ ಅರ್ಧ ಹೆಣ್ಣುಮಕ್ಕಳ ಮದುವೆ ಕೂಡಿಸಿದ್ದು ಒಂದು ಟೀವಿ ಕವರು. ನಗಬೇಡಿ, ಖರೇ ಮಾತು. ಆ ಕವರು ಹೆಣೆದವಳು ದ್ರಾಕ್ಷಾಯಿಣಿ. ಅವಳೊಬ್ಬಳ ಮದುವೆ ಮಾತ್ರ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನಾನು ಕಸ್ತೂರೆವ್ವ. ಓಣಿಯ ಬಾಯಲ್ಲೇ ನನ್ನ ಅಂಗಡಿ. ದಾರ, ಗುಂಡಿ, ಬಳೆ, ಉಲ್ಲನ್ ಎಲ್ಲ ಇಡುತ್ತೇನೆ. ಯಾರ ಮನೆಯಲ್ಲಿ ಯಾವ ಬಣ್ಣದ ಜಂಪರು ಹೊಲಿಯುತ್ತಿದ್ದಾರೆ, ಯಾರ ಮನೆಗೆ ಕನ್ಯಾ ನೋಡಲು ಬರುವವರಿದ್ದಾರೆ ಎಂಬುದು ಮೊದಲು ನನಗೆ ಗೊತ್ತಾಗುತ್ತದೆ. ಬಾಯಿ ಜೋರು ಎನ್ನುತ್ತಾರೆ. ಹೌದು, ಜೋರೇ. ಆ ಹುಡುಗಿಗೆ ಅದರಲ್ಲಿ ಒಂದು ಚಿಟಿಕೆ ಬಂದಿದ್ದರೂ ಸಾಕಿತ್ತು.

ದ್ರಾಕ್ಷಾಯಿಣಿಯ ಅಪ್ಪ ಶಿದ್ದಪ್ಪ ಶಿರಗುಪ್ಪಿಯಿಂದ ಬಂದು ಹುಬ್ಬಳ್ಳಿ ಪೇಟೆಯಲ್ಲಿ ತೂಕದ ಕೆಲಸಕ್ಕೆ ನಿಂತವನು. ಉಣಕಲ್ಲಿನಲ್ಲಿ ಎರಡು ಕೋಣೆಯ ಮನೆ ಮಾಡಿದ, ಹೆಚ್ಚು ದಿನ ಬಾಳಲಿಲ್ಲ. ಉಳಿದವರು ತಾಯಿ ಸತ್ಯವ್ವ, ಅಣ್ಣ ಕಲ್ಲೇಶ ಮತ್ತು ಇವಳು. ಇವಳು ಹುಟ್ಟಾ ಎಡಚಿ. ಉಣ್ಣಲು ಕೂತಾಗ ಸತ್ಯವ್ವ ಮಗಳ ಎಡಗೈಯನ್ನು ಸೀರೆಯ ಸೆರಗಿನಿಂದ ಕಟ್ಟಿ ಕೂರಿಸುತ್ತಿದ್ದಳು. ಸಾಲಿಯ ಮಾಸ್ತರರು ಆ ಕೈಯ ಗೆಣ್ಣಿನ ಮೇಲೆ ರೂಲು ಪಟ್ಟಿಯಿಂದ ಬಾರಿಸುತ್ತಿದ್ದರು. ಹೀಗಾಗಿ ಉಣ್ಣುವುದು, ಬರೆಯುವುದು, ನೀಡುವುದು ಎಲ್ಲ ಬಲಗೈಗೆ ಬಂತು. ದಾರ ಹೆಣೆಯುವ ಕೊಕ್ಕೆಯ ಕ್ರೋಶಾ ಸೂಜಿಯೊಂದು ಮಾತ್ರ ಬಲಗೈಗೆ ಒಗ್ಗಲೇ ಇಲ್ಲ.

ಕ್ರೋಶಾ ಕಲಿತದ್ದು ಧಾರವಾಡದ ಒಂದು ಹೊಲಿಗೆ ಕ್ಲಾಸಿನಲ್ಲಿ. ಉಳಿದ ಹುಡುಗಿಯರು ಕಲಿಸುವ ಬಾಯಿಯವರ ಪಕ್ಕ ಒತ್ತಿಕೊಂಡು ಕೂತು, ಕಿಸಿಕಿಸಿ ನಗುತ್ತ ಕಲಿಯುತ್ತಿದ್ದರಂತೆ. ಇವಳು ಎದುರಿಗೆ ಒಬ್ಬಳೇ. ಎದುರಿಗೆ ಕೂತರೆ ಬಾಯಿಯವರ ಬಲಗೈ ಇವಳ ಎಡಗೈಗೆ ಸರಿಯಾಗುತ್ತಿತ್ತು, ಕನ್ನಡಿಯಲ್ಲಿ ನೋಡಿದ ಹಾಗೆ. ಎಲ್ಲರಿಗಿಂತ ಮೊದಲು ಕಲಿತವಳೂ ಇವಳೇ.

ಅವಳ ಹೂವಿನ ಚೌಕ ನೋಡಬೇಕಿತ್ತು ನೀವು. ನಡುವೆ ಹಳದಿ ಚುಕ್ಕಿ, ಸುತ್ತ ಉಬ್ಬಿದ ಗುಲಾಬಿ ಎಸಳು, ಅದರಾಚೆ ಹಸಿರು ಸುತ್ತು, ಆಮೇಲೆ ಬಿಳಿ. ಆ ಬಿಳಿ ಸುತ್ತಿನಲ್ಲಿ ದುಂಡಗಿನ ಹೂವಿಗೆ ನಾಲ್ಕು ಮೂಲೆ ಮೂಡಿ ಅಂಗೈಯಗಲದ ಚೌಕವಾಗುತ್ತಿತ್ತು. “ಹೂವು ಸಲೀಸ್ರಿ ಕಸ್ತೂರಕ್ಕ, ಮೂಲಿ ತಿರುವೂದ ತ್ರಾಸು,” ಎನ್ನುತ್ತಿದ್ದಳು. ಅಂಥ ಚೌಕಗಳನ್ನು ಕೂಡಿಸಿ ಟೀವಿಗೆ ಒಂದು ಕವರು ಮಾಡಿದಳು. ತನ್ನ ಮದುವೆಗೆಂದೇ ಮಾಡಿದ್ದು. ದಾರ ನನ್ನ ಅಂಗಡಿಯದು.

ತೊಂಬತ್ತೊಂದರಲ್ಲೋ ತೊಂಬತ್ತೆರಡರಲ್ಲೋ ಗದಗಿನ ಕಡೆಯವರು ಇವಳನ್ನು ನೋಡಲು ಬಂದರು. ಅವತ್ತು ನಾನೂ ಅಡುಗೆಮನೆಯಲ್ಲಿ ಶಿರಾ ತಿರುವುತ್ತಿದ್ದೆ. ವರನ ಅತ್ತೆಯೊಬ್ಬಳು ಕವರು ಮುಟ್ಟಿ ಮುಟ್ಟಿ ನೋಡಿದಳು.

“ಯಾರು ಹೆಣದಾರಿದನ್ನ?”

“ನಮ್ಮ ದ್ರಾಕ್ಷಾಯಿಣಿನ ರೀ,” ಎಂದಳು ಸತ್ಯವ್ವ.

“ಎಲ್ಲಾರ ಮನ್ಯಾಗೂ ಹಂಗ ಅಂತಾರ. ಎಲ್ಲಿ, ಒಂದು ಹೂವು ಹಾಕಿ ತೋರಸವಾ, ನೋಡೋಣು.”

ಹುಡುಗಿಗೆ ಖುಷಿಯೋ ಖುಷಿ. ಓಡಿಹೋಗಿ ದಾರ ತಂದಳು. ತಲೆ ಬಗ್ಗಿಸಿ ಕೂತು, ಬಂದವರನ್ನೆಲ್ಲ ಮರೆತು, ಸರಸರನೆ ಎಸಳು ಎಬ್ಬಿಸತೊಡಗಿದಳು. ಸೂಜಿ ಎಡಗೈಯಲ್ಲಿತ್ತು.

“ಯವ್ವಾ, ಎಡಚಿ ಏನಿಕಿ? ನಾಳೆ ದೇವರಿಗೆ ನೈವೇದ್ಯದ ಎಡಿ ಹಿಡಿಯೂದೂ ಎಡಗೈಲೇನ?”

“ಇಲ್ರೀ, ದೇವರಾಣಿ ಇಲ್ರೀ! ಉಣ್ಣೂದು ನೀಡೂದು ಎಲ್ಲಾ ಬಲಗೈಲೇ,” ಎಂದು ಸತ್ಯವ್ವ ಗೋಗರೆದಳು.

ಅವರು ಶಿರಾ ತಿಂದರು, ಚಹಾ ಕುಡಿದರು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದರು. ಯಾರೂ ಹೇಳಿ ಕಳಿಸಲಿಲ್ಲ. ಆದರೆ ಸುದ್ದಿ ಎಲ್ಲ ಕಡೆ ಹರಡಿತು. ಕಲ್ಲೇಶ ಅವತ್ತೇ ತಂಗಿಗೆ, “ಇನ್ನಮ್ಯಾಲೆ ಮಂದಿ ಮುಂದ ಆ ಸೂಜಿ ಹಿಡದೀ ಅಂದ್ರ ನೋಡು,” ಎಂದುಬಿಟ್ಟ. ಅಲ್ಲಿಂದ ಅವಳು ಹಿತ್ತಲ ಕೋಣೆಯ ಬಾಗಿಲು ಮುಚ್ಚಿಕೊಂಡು, ಕಳ್ಳತನ ಮಾಡುವವರ ಹಾಗೆ ಹೆಣೆಯತೊಡಗಿದಳು.

ಮುಂದೆ ಆದದ್ದು ಕೇಳಿ. ನೆರೆಮನೆಯ ಸಂಗವ್ವ ತನ್ನ ಮಗಳು ಸುಕನ್ಯಾಳನ್ನು ನೋಡಲು ಬರುತ್ತಾರೆಂದು ಕವರು ಕೇಳಲು ಬಂದಳು. “ಒಂದ್ ತಾಸಿನ ಮಟ್ಟಿಗೆ ಕೊಡವಾ. ಟೀವಿ ಬೋಳಾಗಿ ಕಾಣತೈತಿ.” ಇವಳು ಒಗೆದು ಇಸ್ತ್ರಿ ಮಾಡಿ ಕೊಟ್ಟಳು. ಬೀಗರ ಮುಂದೆ ಸಂಗವ್ವ, “ನಮ್ಮ ಸುಕನ್ಯಾ ಹೆಣದದ್ದು,” ಎಂದಳು. ಸುಕನ್ಯಾಳಿಗೆ ಹರಿದ ಜಂಪರಿಗೆ ಹುಕ್ಕು ಹಚ್ಚಲು ಬರುತ್ತಿರಲಿಲ್ಲ! ಮದುವೆ ಕೂಡಿತು. ಅಲ್ಲಿಗೆ ಕವರಿನ ಗುಣ ಛಲೋ ಎಂದು ಮಾತಾಯಿತು. ಈ ಮನೆ, ಆ ಮನೆ, ಕವರು ತಿರುಗಿದ್ದೇ ತಿರುಗಿದ್ದು. ಕವರು ಒಯ್ಯುವವರು ಅದನ್ನು ಹೆಣೆದವಳನ್ನು ಕರೆಯುತ್ತಿರಲಿಲ್ಲ. ಮದುವೆಯಾಗದೆ ಉಳಿದವಳು, ಮೇಲಾಗಿ ಎಡಚಿ, ಶುಭಕಾರ್ಯದಲ್ಲಿ ಎದುರಿಗೆ ಯಾಕೆ ಎಂದು.

“ನನ್ನ ಹೆಸರು ಹೇಳ್ರಿ ಅಂತ ಒಮ್ಮಿ ಅನ್ನಾಕ ನಿನಗೇನ ಧಾಡಿ?” ಎಂದು ನಾನು ಬೈಯುತ್ತಿದ್ದೆ.

“ಹೋಗ್ಲಿ ಬಿಡ್ರಿ ಕಸ್ತೂರಕ್ಕ. ಅವರ ಬಾಳೇವು ಹಸನಾಗ್ಲಿ,” ಎನ್ನುತ್ತಿದ್ದಳು. ಅನ್ನುವಾಗ ಎಡಗೈ ಸೆರಗಿನೊಳಗೆ ಹೋಗುತ್ತಿತ್ತು.

ಸತ್ಯವ್ವ ತೀರಿಕೊಂಡಳು. ಕಲ್ಲೇಶ ಡ್ಯೂಟಿ ಎಂದು ಹೊರಗೇ ಇರುತ್ತಿದ್ದ. ಇವಳು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಬೇಕಿಲ್ಲದ ದಾರದ ಬಣ್ಣ ನೋಡುತ್ತ ನಿಲ್ಲುತ್ತಿದ್ದಳು. ಯಾರಾದರೂ ಗಿರಾಕಿ ಬಂದರೆ ಸರಿದು ಹೊರಡುತ್ತಿದ್ದಳು. ಮನೆಯಲ್ಲಿ ಮಾತಾಡುವವರೇ ಇಲ್ಲವೆಂದು ನನಗೆ ಗೊತ್ತಿತ್ತು. ವಯಸ್ಸು ಮೂವತ್ತು ದಾಟಿತ್ತು.

ಆಗ ಬಂದವನು ಏಕನಾಥ. ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ತಂದೆತಾಯಿ ಇಲ್ಲದೆ ಅಕ್ಕನ ಕೈಯಲ್ಲಿ ಬೆಳೆದವನು, ಮದುವೆ ತಡವಾಗಿತ್ತು. ನಮ್ಮ ಓಣಿಯ ಹನುಮಂತಪ್ಪನ ಮಗಳನ್ನು ನೋಡಲು ಬಂದಾಗ ಗಡಿಬಿಡಿಯಲ್ಲಿ ಆ ಟೀವಿ ಕವರಿನ ಮೇಲೆ ಚಹಾ ಚೆಲ್ಲಿಬಿಟ್ಟ. ಆ ಸಂಬಂಧ ಕೂಡಲಿಲ್ಲ. ಕವರು ಕಲೆಯೊಂದಿಗೆ ತಿರುಗಿ ಬಂತು. ದ್ರಾಕ್ಷಾಯಿಣಿ ಕಲೆಯಾದ ಚೌಕವನ್ನು ಬಿಡಿಸಿ ತೆಗೆದು ಹೊಸದು ಹೆಣೆದು ಕೂಡಿಸಿದಳು. ಹಳೆಯ ಗುಲಾಬಿ ದಾರ ನನ್ನಲ್ಲಿ ಖಲಾಸಾಗಿತ್ತು. ಕೊಟ್ಟದ್ದು ತುಸು ಗಾಢ ಬಣ್ಣದ್ದು.

ಮುಂದೆ ಕೆಲವು ತಿಂಗಳಿಗೆ ಅದೇ ಏಕನಾಥ ಓಣಿಯ ಕೊನೆಯ ಮನೆಗೆ ಕನ್ಯಾ ನೋಡಲು ಬಂದ. ಹೊರಟ ಮೇಲೆ ಅಕ್ಕನನ್ನು ಬಸ್ ಸ್ಟಾಪಿಗೆ ಮುಂದೆ ಕಳಿಸಿ ನನ್ನ ಅಂಗಡಿಗೆ ಬಂದು ನಿಂತ. ಮುಖದ ತುಂಬ ನಗು.

“ಅಕ್ಕಾರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಹೂವಿನ ಕವರು ನಾ ಎರಡ ಮನ್ಯಾಗ ನೋಡೇನಿ. ಎರಡೂ ಕಡೆ ‘ನಮ್ಮ ಹುಡುಗಿ ಹೆಣದದ್ದು’ ಅಂದ್ರು. ನಾ ಚಹಾ ಚೆಲ್ಲಿದ ಜಾಗಾದಾಗ ಬ್ಯಾರೆ ಬಣ್ಣದ ಹೂವು ಕುಂತೈತಿ. ಖರೇ ಹೆಣದಾವ್ರು ಯಾರ್ರಿ?”

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ! ನಾನು ಎಲ್ಲ ಹೇಳಿದೆ. ಎಡಚಿ ಎನ್ನುವುದನ್ನೂ ಮುಚ್ಚಿಡಲಿಲ್ಲ.

“ಎಡಗೈ ಆದ್ರ ಏನಾತ್ರಿ? ಕೈ ಛಲೋ ಐತೆಲ್ಲ,” ಎಂದ. “ಬರೂ ಐತವಾರ ಅಕ್ಕನ್ನ ಕರಕೊಂಡು ಬರ್ತೇನಿ, ಮನ್ಯಾಗ ಹೇಳ್ರಿ.”

ನಾನು ಅವತ್ತೇ ಹೋಗಿ ಹೇಳಿದೆ. ದ್ರಾಕ್ಷಾಯಿಣಿ ಎರಡು ಸಲ ಕೇಳಿದಳು, “ಎಡಗೈ ಅಂತ ಗೊತ್ತಿದ್ದೂ ಬರ್ತಾರೇನ್ರಿ?” ಆ ವಾರ ಅವಳು ಹಿತ್ತಲ ಕೋಣೆಯ ಬಾಗಿಲು ತೆರೆದಿಟ್ಟೇ ಹೆಣೆದಳು. ನಾನು ಕಣ್ಣಾರೆ ಕಂಡಿದ್ದೇನೆ.

ಕಲ್ಲೇಶ ಮಾತ್ರ ನಂಬಲಿಲ್ಲ. “ಹುಡುಗ ಅಂತಾನ, ಅವರಕ್ಕ ಅಂತಾಳೇನು? ಗದಗಿನವರು ಮಾಡಿದ್ದು ಸಾಕು. ಏನರ ಮಾಡು ಅಂದ್ರ ಬಲಗೈಲೇ ಮಾಡು,” ಎಂದು ತಂಗಿಗೆ ತಾಕೀತು ಮಾಡಿದ. ಅಂಗಡಿಯವಳ ಬಾಯಿ ಮನೆಯೊಳಗೆ ಬೇಡವೆಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ.

ಐತವಾರ ಅವರು ಬಂದರು. ಒಳಗೆ ನಡೆದದ್ದನ್ನು ಆಮೇಲೆ ಅವನ ಬಾಯಿಂದಲೂ ಇವಳ ಬಾಯಿಂದಲೂ ಕೇಳಿದೆ. ಅಕ್ಕ ಕವರು ನೋಡಿ, ಒಂದು ಹೂವು ಹೆಣೆದು ತೋರಿಸು ಎಂದಳಂತೆ. ಇವಳು ಸೂಜಿಯನ್ನು ಬಲಗೈಯಲ್ಲಿ ಹಿಡಿದಳು. ದಾರ ಜಾರಿತು. ಮತ್ತೆ ಹಿಡಿದಳು, ಗಂಟಾಯಿತು. ತನ್ನದೇ ಹೂವು ತನ್ನ ಕೈಗೆ ಬರಲಿಲ್ಲ. ಏಕನಾಥ ಮೆಲ್ಲಗೆ, “ಎಡಗೈಲೆ ಹೆಣೀರಿ, ನನಗೇನೂ ಬೇಜಾರಿಲ್ಲ,” ಎಂದ. ಕಲ್ಲೇಶ ಅವನ ಅಕ್ಕನ ಕಡೆ ನೋಡಿ ಎದ್ದು ನಿಂತ. “ಎಡಗೈ? ಯಾರು ಹೇಳಿದ್ರು ನಿಮಗ? ನನ್ನ ತಂಗಿ ಎಡಚಿ ಅಲ್ಲ!”

ಏಕನಾಥ ಇವಳ ಮುಖ ನೋಡಿದ. ಇವಳು ತಲೆ ಎತ್ತಲಿಲ್ಲ. ಚಹಾ ಮುಟ್ಟದೆ ಎದ್ದು ಬಂದರು.

ಅವನು ನನ್ನ ಅಂಗಡಿಗೆ ಬಂದಾಗ ನಗು ಮಾಯವಾಗಿತ್ತು. “ನಮ್ಮಕ್ಕ ಇದೂ ಸುಳ್ಳಿನ ಮನಿ ಅಂತಾಳ. ನನಗ ಹಂಗ ಅನ್ಸೂದಿಲ್ರಿ. ಅವರಿಗೆ ನಾ ಬ್ಯಾಡ, ಅದಕ್ಕ ಬೇಕಂತ ಬಲಗೈಲೆ ಹಿಡದು ಕೆಡಿಸಿದ್ರು. ಒಲ್ಲದವರನ್ನ ಹೆಂಗ ಕೇಳೂದು?”

“ಒಲ್ಲೆ ಅಂದಿಲ್ಲೋ ಮಾರಾಯ, ಅಂಜ್ಯಾಳ!” ಎಂದು ಒದರಿದೆ. “ನೀ ಬಸ್ ಹತ್ತಬ್ಯಾಡ, ಅಕಿನ್ನ ಕಳಸ್ತೇನಿ.”

ಅಂಗಡಿ ತೆರೆದೇ ಬಿಟ್ಟು ಓಡಿದೆ. ಕಲ್ಲೇಶ ಒಳಗೆ ಒದರಾಡುತ್ತಿದ್ದ. ಅವಳು ಹಿತ್ತಲಲ್ಲಿ ಚಹಾದ ಕಪ್ಪು-ಬಸಿ ತೊಳೆಯುತ್ತಿದ್ದಳು. “ಏಳು, ಬಸ್ ಸ್ಟಾಪಿನಾಗ ಅದಾನ. ‘ನಾನ ಹೆಣದದ್ದು, ಎಡಗೈಲೆ’ ಅಂತ ಒಂದ ಮಾತು ಅಂದು ಬಾ. ಒಂದ ಮಾತು!” ಎಂದೆ. ಎದ್ದಳು. ಚಪ್ಪಲಿ ಮೆಟ್ಟಿದಳು. ಒದ್ದೆ ಕೈಯಲ್ಲೇ ಓಣಿಯ ಬಾಯಿಯವರೆಗೂ ನನ್ನ ಜೊತೆ ಬಂದಳು. ಎದುರಿನ ಬಸ್ ಸ್ಟಾಪಿನಲ್ಲಿ ಅವನು ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದ. ಪಕ್ಕದಲ್ಲಿ ಅವನ ಅಕ್ಕ ನಿಂತಿದ್ದಳು. ಅವಳನ್ನು ಕಂಡದ್ದೇ ಇವಳ ಕಾಲು ನಿಂತವು.

“ಆಗೂದಿಲ್ರಿ ಕಸ್ತೂರಕ್ಕ,” ಎಂದಳು. ತಿರುಗಿ ಮನೆಗೆ ಹೋದಳು. ಧಾರವಾಡದಿಂದ ಬಂದ ಬಸ್ಸು ಅವರನ್ನು ಹತ್ತಿಸಿಕೊಂಡು ಹೋಯಿತು. ಮುಂದಿನ ದೀಪಾವಳಿಯ ಹೊತ್ತಿಗೆ ಅವನ ಮದುವೆ ಅಣ್ಣಿಗೇರಿಯ ಹುಡುಗಿಯೊಂದಿಗೆ ಆಯಿತೆಂದು ಕೇಳಿದೆ.

ನಾನು ಅವಳೊಂದಿಗೆ ಬಹಳ ದಿನ ಮಾತು ಬಿಟ್ಟೆ. ಸಿಟ್ಟು ಅವಳ ಮೇಲೋ, ಕಲ್ಲೇಶನ ಮೇಲೋ, ಆ ಗದಗಿನ ಮುದುಕಿಯ ಮೇಲೋ ತಿಳಿಯದು. ಅವಳು ಮಾತ್ರ ಮಧ್ಯಾಹ್ನ ಬಂದು ದಾರ ನೋಡಿ ಹೋಗುವುದನ್ನು ಬಿಡಲಿಲ್ಲ. ಕೊನೆಗೆ ನಾನೇ ಸೋತೆ.

ಕಲ್ಲೇಶ ಮದುವೆಯಾಗಿ ಬಾಗಲಕೋಟೆಗೆ ಹೋದ. ಇವಳು ಮುಂದಿನ ಕೋಣೆ ಬಾಡಿಗೆಗೆ ಕೊಟ್ಟು ಹಿತ್ತಲ ಕೋಣೆಯಲ್ಲಿ ಉಳಿದಳು. ಕವರು ಕೇಳುವವರಿಗೆ ಕೊಡುತ್ತಲೇ ಇದ್ದಳು. ಆಮೇಲೆ ಕೇಳುವವರೂ ಇಲ್ಲವಾದರು. ವರ-ಕನ್ಯೆ ಹೋಟೆಲಿನಲ್ಲೇ ಭೇಟಿಯಾಗತೊಡಗಿದರು, ಟೀವಿಗಳು ತೆಳ್ಳಗಾಗಿ ಗೋಡೆ ಹತ್ತಿದವು. ಕೈಗೆಲಸ ಬರುತ್ತದೆಯೇ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕವರನ್ನು ತಂದು ನನಗೆ ಕೊಟ್ಟಳು, ನಾನು ಅಂಗಡಿಯ ಕಪಾಟಿಗೆ ಪರದೆ ಮಾಡಿ ಕಟ್ಟಿದೆ. ಗಾಢ ಬಣ್ಣದ ಆ ಒಂದು ಹೂವು ಈಗಲೂ ಎದ್ದು ಕಾಣುತ್ತದೆ.

ಹೋದ ವರ್ಷದ ಮಾತು, ಎರಡು ಸಾವಿರದ ಹತ್ತೊಂಬತ್ತು. ತಲೆಗೂದಲು ಬೆಳ್ಳಗಾಗುತ್ತಿದ್ದ ದ್ರಾಕ್ಷಾಯಿಣಿ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಹೊಸದಾಗಿ ಓಣಿಗೆ ಬಂದ ಹೆಣ್ಣುಮಗಳೊಬ್ಬಳು ಜಂಪರಿನ ಹುಕ್ಕು ಕೇಳಲು ಬಂದವಳು ಕಪಾಟಿನ ಕಡೆ ನೋಡಿದಳು.

“ಎಷ್ಟ ಛಂದ ಐತ್ರಿ ಇದು. ಯಾರು ಮಾಡಿದ್ದು?”

ಉತ್ತರ ಕೊಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಟ್ಟೆಯ ಮೇಲಿಂದ ದನಿ ಬಂತು.

“ನಾನ್ರಿ. ಎಡಗೈಲೆ ಹೆಣದದ್ದು.”

“ಹೌದ್ರಿ? ಭಾಳ ಛಲೋ ಐತಿ,” ಎಂದಳು ಆ ಹೆಣ್ಣುಮಗಳು. ಹುಕ್ಕು ತೆಗೆದುಕೊಂಡು, ಚಿಲ್ಲರೆ ಎಣಿಸಿ ಕೊಟ್ಟು, ಸ್ಕೂಟಿ ಹತ್ತಿ ಹೋದಳು.

ದ್ರಾಕ್ಷಾಯಿಣಿ ಅವಳು ಹೋದ ದಾರಿಯನ್ನೇ ನೋಡಿದಳು. ಆಮೇಲೆ ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

“ಇಷ್ಟೇ ಇತ್ತೇನ್ರಿ ಆ ಒಂದ ಮಾತು, ಕಸ್ತೂರಕ್ಕ?” ಎಂದು ಕೇಳಿದಳು.

ನಾನು ಹುಕ್ಕಿನ ಡಬ್ಬಿ ಮುಚ್ಚಿ ಒಳಗಿಟ್ಟೆ, ಕಟ್ಟೆಗೆ ಹೋಗಿ ಅವಳ ಪಕ್ಕ ಕೂತೆ.