ಮದುವೆಗೆ ಹೋಗಿಬಂದ ಇಂಜೆಕ್ಷನ್

ಎರಡು ವರ್ಷದ ಹಿಂದಿನ ಮೇ ತಿಂಗಳು. ನನಗಾಗ ಮೂವತ್ತೆಂಟು. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗದೆ ನಾನೂ ನನ್ನ ಗಂಡ ದಿನೇಶರೂ ಐವಿಎಫ್ ಚಿಕಿತ್ಸೆಗಾಗಿ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಅಲೆಯುತ್ತಿದ್ದೆವು. ಮೊದಲ ಸಲ ದೊಡ್ಡ ಡೋಸಿನ ಇಂಜೆಕ್ಷನ್ ಹನ್ನೆರಡು ದಿನ ತೆಗೆದುಕೊಂಡರೂ ಬೆಳೆದದ್ದು ಒಂದೇ ಅಂಡ. ಅದೂ ಕೈಗೆ ಸಿಗಲಿಲ್ಲ.

“ಡೋಸ್ ಏರಿಸಿದ ಮಾತ್ರಕ್ಕೆ ಅಂಡ ಹೆಚ್ಚಾಗುವುದಿಲ್ಲಮ್ಮ. ಈ ಸಲ ಮಾತ್ರೆಯ ಜೊತೆ ಸಣ್ಣ ಡೋಸ್ ಕೊಡ್ತೇನೆ. ಎರಡೋ ಮೂರೋ ಸಿಕ್ಕಿದರೂ ಸಾಕು” ಎಂದರು ಡಾಕ್ಟರಮ್ಮ.

ಇಂಜೆಕ್ಷನ್ನನ್ನು ಫ್ರಿಜ್‌ನಲ್ಲೇ ಇಡಬೇಕಿತ್ತು. ದಿನಾ ಸಂಜೆ ಏಳಕ್ಕೆ ಸರಿಯಾಗಿ ಹೊಟ್ಟೆಗೆ ನಾನೇ ಚುಚ್ಚಿಕೊಳ್ಳಬೇಕಿತ್ತು. ಮೂರನೆಯ ದಿನ ಗಾಳಿಗೆ ಮರ ಬಿದ್ದು ನಮ್ಮ ಕಡೆಯ ಕರೆಂಟ್ ಹೋಯಿತು. ಒಂದು ವಾರ ಬರುವುದಿಲ್ಲ ಎಂದರು. ನೆಂಟರ ಮನೆಯಲ್ಲಿ ಇಡೋಣವೆಂದರೆ, ಈ ವಿಷಯ ಯಾರಿಗೂ ಹೇಳಿರಲಿಲ್ಲ. ಕೊನೆಗೆ, ಕರೆಂಟ್ ಇದ್ದ ಮಡಂತ್ಯಾರು ಪೇಟೆಯಲ್ಲಿ ಐಸ್‌ಕ್ರೀಮ್ ಅಂಗಡಿ ಇಟ್ಟಿರುವ ಹಮೀದ್ ಕಾಕನ, ಊರವರ ಬಾಯಲ್ಲಿ ಹಮೀದಾಕನ, ಹತ್ತಿರ ಹೋಗಿ, “ಒಂದು ಮದ್ದು ಫ್ರಿಜ್‌ನಲ್ಲಿ ಇಡಬಹುದಾ?” ಎಂದೆ.

“ಅದಕ್ಕೇನು ಟೀಚರ್, ಕೊಡಿ” ಎಂದರು. ಏನು, ಎತ್ತ ಎಂದು ಕೇಳಲೇ ಇಲ್ಲ. ದಿನಾ ಸಂಜೆ ಹೋಗಿ ಮದ್ದು ತೆಗೆದುಕೊಂಡು, ಅಂಗಡಿಯ ಹಿಂದಿನ ಕೋಣೆಯಲ್ಲೇ ಚುಚ್ಚಿಕೊಂಡು ಬರುತ್ತಿದ್ದೆ.

ಆರನೆಯ ದಿನ ಹೋದರೆ ಶಟರ್ ಎಳೆದಿತ್ತು! ಹಮೀದಾಕನ ತಂಗಿಯ ಮಗಳ ಮದುವೆ, ಎಲ್ಲರೂ ಬಂಟ್ವಾಳಕ್ಕೆ ಹೋಗಿದ್ದಾರೆ ಎಂದರು ಪಕ್ಕದ ಅಂಗಡಿಯವರು. ಗಂಟೆ ಆರೂ ಮುಕ್ಕಾಲು. ಇಷ್ಟು ದಿನದ ಪಾಡೆಲ್ಲ ನೀರುಪಾಲಾಯಿತಲ್ಲ ಎಂದು ರಸ್ತೆ ಬದಿಯಲ್ಲೇ ಅತ್ತುಬಿಟ್ಟೆ. ಜೊತೆಗೆ ಬಂದಿದ್ದ ದಿನೇಶ್ ಅಂಗಡಿಯ ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರು.

“ನಾನು ಪುಂಜಾಲಕಟ್ಟೆ ದಾಟಿ ಆಯ್ತು, ಹತ್ತು ನಿಮಿಷದಲ್ಲಿ ಬಂದೆ. ಟೀಚರಿಗೆ ಅಲ್ಲೇ ನಿಲ್ಲಲಿಕ್ಕೆ ಹೇಳಿ” ಎಂದರಂತೆ ಹಮೀದಾಕ.

ಏಳಕ್ಕೆ ಐದು ನಿಮಿಷ ಇರುವಾಗ ಅವರ ಸ್ಕೂಟರ್ ಬಂತು. ಮದುವೆಯ ಬಿಳಿ ಅಂಗಿ, ಕಾಲ ಬಳಿ ಐಸ್ ಡಬ್ಬ. “ಈ ಕರೆಂಟನ್ನು ನಂಬಲಿಕ್ಕಾಗ್ತದಾ? ಅದಕ್ಕೆ ನಿಮ್ಮ ಮದ್ದನ್ನೂ ಮದುವೆಗೆ ಕರ್ಕೊಂಡು ಹೋದೆ” ಎಂದು ನಕ್ಕರು. ಶಟರ್ ಎತ್ತುತ್ತಾ, “ಯಾವ ಕಾಯಿಲೆ ಅಂತ ಕೇಳುವುದಿಲ್ಲ. ಬೇಗ ಗುಣ ಆಗಲಿ” ಎಂದರು.

“ಕಾಯಿಲೆ ಅಲ್ಲ ಹಮೀದಾಕ. ಒಂದು ಮಗು ಆಗಲಿ ಅಂತ...”

ಯಾರಿಗೂ ಹೇಳದ ಮಾತು ಬಾಯಿಂದ ಬಂದುಬಿಟ್ಟಿತ್ತು. ಅವರು ಐಸ್ ಡಬ್ಬದ ಮುಚ್ಚಳ ತೆಗೆದು ಮದ್ದನ್ನು ನನ್ನ ಕೈಗೆ ಕೊಟ್ಟರು. “ಹಾಗಾದ್ರೆ ತಡ ಮಾಡ್ಬೇಡಿ, ಒಳಗೆ ಹೋಗಿ” ಎಂದು, ರಸ್ತೆಗೆ ಮುಖ ಮಾಡಿ ಬಾಗಿಲಲ್ಲಿ ನಿಂತರು.

ಆ ಸಲ ಮೂರು ಅಂಡಗಳು ಸಿಕ್ಕವು. ಒಂದು ಭ್ರೂಣವಾಯಿತು. ಆದರೆ ಗರ್ಭ ನಿಲ್ಲಲಿಲ್ಲ.

ಹಮೀದಾಕ ಈ ವಿಷಯ ಯಾರ ಬಳಿಯೂ ಆಡಲಿಲ್ಲ. ಏನಾಯಿತು ಎಂದು ನನ್ನನ್ನೂ ಕೇಳಲಿಲ್ಲ. ತಿಂಗಳು ಕಳೆದ ಮೇಲೆ ನಾನೇ ಹೋಗಿ ಹೇಳಿದೆ. ತುಂಬಾ ಹೊತ್ತು ಮೇಜು ಒರೆಸುತ್ತಲೇ ಇದ್ದವರು, “ಬೇಸರ ಮಾಡ್ಬೇಡಿ ಟೀಚರ್. ಇನ್ನೊಮ್ಮೆ ನೋಡುವ” ಎಂದರು.

‘ನೋಡಿ’ ಎನ್ನಲಿಲ್ಲ, ‘ನೋಡುವ’ ಎಂದರು, ತಾವೂ ಸೇರಿಕೊಂಡು ‘ನೋಡೋಣ’ ಎನ್ನುವ ಹಾಗೆ. ಬರುವ ತಿಂಗಳು ಮತ್ತೆ ಆಸ್ಪತ್ರೆಗೆ ಹೊರಟಿದ್ದೇವೆ. ಆ ಒಂದು ಮಾತು ನೆನಪಾದಾಗಲೆಲ್ಲ, ಈ ದಾರಿಯಲ್ಲಿ ನಾವಿಬ್ಬರೇ ಇಲ್ಲ ಅನಿಸುತ್ತದೆ.