ಮಾಳದ ಮೇಲಿನ ಗುಂಡಿನ ಸದ್ದು

ಮೇಳಿಗೆ ಊರಿನ ಹೆಂಗಸರಿಗೆ ಚೈತ್ರಾಳ ಮೇಲೆ ಇರುವುದು ಒಂದೇ ದೂರು, ಹೇಳಿದ ದಿನಕ್ಕೆ ಬ್ಲೌಸ್ ಕೊಡುವುದಿಲ್ಲ ಅಂತ. ಆದರೆ ತೋಳು ಬಿಗಿಯಾಯಿತು, ಕುತ್ತಿಗೆ ಜಾರಿತು ಎಂದು ಯಾರೂ ವಾಪಸು ತಂದದ್ದಿಲ್ಲ. ಹಾಗಾಗಿ ದೂರು ಹೇಳಲು ಬಂದವರೇ ಇನ್ನೊಂದು ಬಟ್ಟೆ ಬಿಟ್ಟು ಹೋಗುತ್ತಾರೆ. ಹೊಸನಗರದ ಕಡೆಯಿಂದ ಮದುವೆಯಾಗಿ ಬರುವಾಗ ತವರಿನಿಂದ ತಂದ ಹೊಲಿಗೆ ಮಷಿನ್ನು ಅವಳದು. ಜಗುಲಿಯ ಕಿಟಕಿಗೆ ಒತ್ತಿ ಇಟ್ಟುಕೊಂಡಿದ್ದಾಳೆ. ಅಲ್ಲಿ ಕೂತರೆ ರಸ್ತೆಯೂ ಕಾಣುತ್ತದೆ, ಒಲೆಯ ಮೇಲಿನ ಹಾಲೂ ಕಾಣುತ್ತದೆ. ಗಂಡ ರವೀಶ್ ತೀರ್ಥಹಳ್ಳಿ ಪೇಟೆಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತಾನೆ. ಮಾವ ಹೂವಯ್ಯ ಮನೆ ಹಿಂದಿನ ಜಾಗದಲ್ಲಿ ಬಾಳೆ, ತರಕಾರಿ ಮಾಡಿಕೊಂಡಿದ್ದಾರೆ. ಮಗಳು ಶರಾವತಿ, ಮನೆಯವರಿಗೆಲ್ಲ ಶರು, ಈಗಷ್ಟೇ ಐದನೇ ಕ್ಲಾಸ್ ಮುಗಿಸಿ ಬೇಸಿಗೆ ರಜೆಯಲ್ಲಿದ್ದಳು.

ಈ ಮಗಳ ಬಗ್ಗೆ ಚೈತ್ರಾಳಿಗೆ ಒಳಗೊಳಗೇ ಒಂದು ಹೆಮ್ಮೆ. ಮನೆಗೆ ಬಂದವರು ಚಪ್ಪಲಿ ಬಿಡುವುದರೊಳಗೆ ಶರು ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ಚೂರು ತಂದಿಡುತ್ತಿದ್ದಳು. ಯಾರೂ ಹೇಳಬೇಕಿರಲಿಲ್ಲ. ಹಳ್ಳದಾಚೆ ಮನೆಯ ದುಗ್ಗಮ್ಮನಂತೂ ದರಗಿನ ಹೊರೆ ಇಳಿಸಿ ಕೂತು, "ನಿನ್ ಮಗಳು ಕೊಟ್ಟ ನೀರು ಕುಡಿದ್ರೆ ನೀ ಬ್ಲೌಸು ತಡ ಮಾಡಿದ್ದು ಮರ್ತೇ ಹೋಗ್ತದೆ ಮಾರಾಯ್ತಿ" ಎನ್ನುತ್ತಿದ್ದಳು. ದನದ ಕೊಟ್ಟಿಗೆಗೆ ದರಗು, ಅಂದರೆ ಕಾಡಿನ ಒಣಗಿದೆಲೆ, ಗುಡಿಸಿ ತರುವುದು ದುಗ್ಗಮ್ಮನ ದಿನದ ಕೆಲಸ. ಹೊರೆ ಇಳಿಸಿ ಮಾತಾಡುವುದಕ್ಕೆ ಇವರ ಮನೆಯ ಜಗುಲಿ.

ಆ ವರ್ಷ ಮಂಗನ ಕಾಟ ಹೇಳತೀರದಷ್ಟಾಯಿತು. ಬಾಳೆಗೊನೆ ಬಲಿಯುವ ಮೊದಲೇ ತಿಂದು, ತಿಂದದ್ದಕ್ಕಿಂತ ಹೆಚ್ಚು ಕಿತ್ತು ಬಿಸಾಡಿ ಹೋಗುತ್ತಿದ್ದವು. ಹೂವಯ್ಯನ ಕೋವಿ ಚುನಾವಣೆಯ ಹೊತ್ತಿಗೆ ಪೊಲೀಸ್ ಸ್ಟೇಷನ್ನಿಗೆ ಜಮಾ ಆದದ್ದು ಲೈಸೆನ್ಸ್ ರಿನ್ಯೂವಲ್ ಆಗದೆ ಅಲ್ಲೇ ಕೂತಿತ್ತು. ಅವರು ಗರ್ನಾಲು ಪಟಾಕಿ ಹೊಡೆದರು, ಹುಲಿ ಗೊಂಬೆ ತಂದು ನಿಲ್ಲಿಸಿದರು. ಮಂಗಗಳು ಗೊಂಬೆಯ ಕಿವಿ ಕಿತ್ತುಕೊಂಡು ಹೋದವು.

ಬಾಳೆಯ ನಡುವೆ ನಾಲ್ಕು ಕಂಬದ ಮೇಲೆ ಹಲಗೆ ಹಾಸಿದ ಒಂದು ಮಾಳ ಇದೆ. ಕಾವಲಿಗೆ ಕೂರುವ ಅಟ್ಟಣಿಗೆ. ಅಲ್ಲಿಂದ ತೋಟದ ತುದಿಯ ಹಳ್ಳವೂ, ಹಳ್ಳಕ್ಕೆ ಅಡ್ಡ ಹಾಕಿದ ಎರಡು ಮರದ ದಿಮ್ಮಿಯ ಕಾಲುಸಂಕವೂ ಕಾಣುತ್ತವೆ. ಇನ್ನೊಂದು ವಿಶೇಷವೆಂದರೆ ಆ ಮನೆಯ ಆಸುಪಾಸಿನಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದೂ ಮಾಳದ ಮೇಲೆಯೇ. ದಿನಕ್ಕೆ ಅರ್ಧ ಗಂಟೆ ಎಂದು ಅಮ್ಮ ಕೊಟ್ಟ ಮೊಬೈಲ್ ಹಿಡಿದು ಶರು ಅಲ್ಲಿ ಹತ್ತಿ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪನ ಬ್ಲೂಟೂತ್ ಸ್ಪೀಕರನ್ನೂ ಒಯ್ದಿದ್ದಳು. ಮೊಬೈಲಿನ ಆಟದಲ್ಲಿ ಗುಂಡು ಹಾರಿದ್ದೇ ತಡ, ಗೊನೆಗೆ ಕೈ ಹಾಕಿದ್ದ ಮಂಗನ ಹಿಂಡು ಚೀರಿಕೊಂಡು ಕಾಡು ಸೇರಿತು.

ಹೂವಯ್ಯನಿಗೆ ಸ್ವರ್ಗ ಮೂರೇ ಗೇಣು. "ನಾ ಹೊಡೆದ ಗರ್ನಾಲೆಲ್ಲ ದಂಡ ಕಣೆ ಚೈತ್ರಾ. ಇದಕ್ಕೆ ಮದ್ದುಗುಂಡೂ ಬ್ಯಾಡ, ಲೈಸೆನ್ಸೂ ಬ್ಯಾಡ. ದಿನಾ ಕೂರ್ಲಿ ಬಿಡು ಮಗು."

"ದಿನಾ ಅಂದ್ರೆ ಎಷ್ಟೊತ್ತು ಮಾವಯ್ಯ? ಅದು ಬರೀ ಹೊಡಿಯೋ ಆಟ."

"ನಿಜವಾಗಿ ಹೊಡಿತದಾ? ಮಂಗ ಓಡಿದ್ರೆ ಸಾಕಪ್ಪ ನಂಗೆ."

ಮದುವೆ ಸೀಸನ್ನು. ಮಷಿನ್ನಿನ ಪಕ್ಕದಲ್ಲಿ ಬಟ್ಟೆಯ ರಾಶಿ ಬೆಳೆಯುತ್ತಿತ್ತು. ಮಗಳು ಕೂಗಿದರೆ ಕೇಳುವ ಜಾಗದಲ್ಲಿದ್ದಾಳೆ, ಮಂಗವೂ ಬರುವುದಿಲ್ಲ, ಮಾವನೂ ಗೊಣಗುವುದಿಲ್ಲ. ಅರ್ಧ ಗಂಟೆಯ ಲೆಕ್ಕ ಯಾವಾಗ ತಪ್ಪಿತೋ ಚೈತ್ರಾಳಿಗೆ ತಿಳಿಯಲಿಲ್ಲ. ಬೆಳಿಗ್ಗೆ ಎದ್ದು ಹಾಲು ಕಾಯಿಸುವ ಮೊದಲು ಸ್ಪೀಕರನ್ನು ಚಾರ್ಜಿಗೆ ಹಾಕುತ್ತಿದ್ದವಳು ಅವಳೇ.

ಮಗಳಲ್ಲಿ ಮೊದಲು ಬದಲಾದದ್ದು ಮಾತು. "ಬಿಡಬ್ಯಾಡ, ಫಿನಿಶ್ ಮಾಡು ಅವನ್ನ" ಎಂಬ ಕೂಗು ಮಾಳದಿಂದ ಜಗುಲಿಯವರೆಗೆ ಬರುತ್ತಿತ್ತು. ಬ್ಲೌಸಿಗೆ ಬಂದವರೊಬ್ಬರು, "ಹೆಣ್ಣುಹುಡುಗಿ ಬಾಯಲ್ಲಿ ಇದೆಂಥ ಮಾತು" ಎಂದಾಗ ಚೈತ್ರಾಳಿಗೆ ಸಿಟ್ಟು ಬಂತು. ಗಂಡುಹುಡುಗನ ಬಾಯಲ್ಲಾದರೆ ಚೆಂದವೋ? ಆದರೆ ಆ ಸಿಟ್ಟಿನ ಕೆಳಗೆ ಒಂದು ಹೆದರಿಕೆ ಸುಮ್ಮನೆ ಬಂದು ಕೂತಿತು. ಆಮೇಲೆ ಊಟಕ್ಕೆ ಕರೆದರೆ ಸಿಡಿಮಿಡಿ. ನಾಯಿ ಕಾಲಿಗೆ ಸುತ್ತಿದರೆ ಒದೆತ. ನೆಂಟರು ಬಂದರೆ ತಲೆಯೆತ್ತದೆ, "ಅಮ್ಮ ಒಳಗಿದ್ದಾಳೆ." ಚೊಂಬು ಇದ್ದಲ್ಲೇ ಇರುತ್ತಿತ್ತು.

ರವೀಶನಿಗೆ ಹೇಳಿದರೆ ಅವನು ನಕ್ಕ. "ನಾನೂ ಸಣ್ಣೋನಿದ್ದಾಗ ಕ್ಯಾಟರ್‌ಬಿಲ್ಲಲ್ಲಿ ಹಕ್ಕಿ ಹೊಡ್ದಿದ್ದೆ. ಕೊಲೆಗಾರ ಆದ್ನಾ?"

"ಹೊಡ್ದು ಬಿದ್ದ ಹಕ್ಕಿ ಕೈಯಲ್ಲಿ ಹಿಡ್ಕಂಡು ಅತ್ತಿದ್ದೆ, ಎರಡು ದಿನ ಊಟ ಸೇರಲಿಲ್ಲ ಅಂತ ನೀವೇ ಹೇಳಿದ್ರಲ್ಲ. ಇವಳು ಹೊಡೆದೋರು ಮುಂದಿನ ಆಟಕ್ಕೆ ಎದ್ದು ಬರ್ತಾರೆ."

ರವೀಶ್ ಅನ್ನಕ್ಕೆ ಸಾರು ಕಲಸುತ್ತ, "ಅದೂ ಹೌದು" ಎಂದ.

ಅವಳು ಮೊಬೈಲಿನಲ್ಲಿ ಡಾಕ್ಟರುಗಳು ಮಾತಾಡುವುದನ್ನೂ ಕೇಳಿದಳು. ಇಂಥ ಆಟದಿಂದಲೇ ಮಕ್ಕಳು ಒರಟಾಗುತ್ತಾರೆ ಎಂದರು ಒಬ್ಬರು. ಆಟಕ್ಕಿಂತ ಮನೆಯ ವಾತಾವರಣ ನೋಡಿಕೊಳ್ಳಿ ಎಂದರು ಇನ್ನೊಬ್ಬರು. ಯಾರನ್ನು ನಂಬುವುದು? ಇಲ್ಲಿ ಆಟವನ್ನು ಚಾರ್ಜಿಗೆ ಹಾಕಿ ಕೊಡುವುದೇ ಮನೆ.

ಮೇ ತಿಂಗಳು ಹುಟ್ಟುವ ಹೊತ್ತಿಗೆ ಮಂಗಗಳು ತಿರುಗಿ ಬಂದವು. ಒಂದು ಬೆಳಿಗ್ಗೆ ಚಹಾದ ಲೋಟ ಹಿಡಿದು ಹಿತ್ತಲಿಗೆ ಹೋದ ಚೈತ್ರಾ ನಿಂತಲ್ಲೇ ನಿಂತಳು. ಮಾಳದಿಂದ ಗುಂಡಿನ ಮಳೆ ಸುರಿಯುತ್ತಿದೆ. ಕೆಳಗೆ, ಬಾಳೆಯ ದಿಂಡಿಗೆ ಒರಗಿ ಒಂದು ಹೆಣ್ಣು ಮಂಗ ತನ್ನ ಮರಿಯ ಹೇನು ಹೆಕ್ಕುತ್ತಿದೆ. ಬಾಂಬು ಸಿಡಿದರೂ ಅದು ಕತ್ತು ತಿರುಗಿಸಲಿಲ್ಲ.

"ಅಭ್ಯಾಸ ಆಗೋಯ್ತು ಕಣೆ ಇವಕ್ಕೆ" ಎಂದರು ಹಿಂದಿನಿಂದ ಹೂವಯ್ಯ. "ಸದ್ದು ಬರ್ತದೆ, ಏಟು ಬೀಳಲ್ಲ ಅಂತ ಗೊತ್ತಾಗಿಬಿಡ್ತು."

ಚೈತ್ರಾ ಮೇಲೆ ನೋಡಿದಳು. ಅದೇ ಸದ್ದಿನ ನಡುವೆ ಮಗಳ ಮುಖ. ಕಣ್ಣು ಮಿಟುಕುತ್ತಿರಲಿಲ್ಲ.

ಅವತ್ತೇ ನಿಲ್ಲಿಸಬೇಕಿತ್ತು. ಆದರೆ ಅದೇ ವಾರ ಒಂದು ಮದುವೆಮನೆಯವರ ಬ್ಲೌಸು ಮುಗಿಸಬೇಕಿತ್ತು. ಈಗ ಮೊಬೈಲ್ ಕಿತ್ತುಕೊಂಡರೆ ಅಳು, ಹಠ, ರಂಪ. ಇದೊಂದು ವಾರ ಕಳೆಯಲಿ ಎಂದು ಸೂಜಿಗೆ ದಾರ ಪೋಣಿಸಿದಳು.

ಆ ವಾರ ಕಳೆಯುವುದರೊಳಗೆ ದುಗ್ಗಮ್ಮ ಬಿದ್ದಳು. ದರಗಿನ ಹೊರೆ ಹೊತ್ತು ಸಂಕ ದಾಟುವಾಗ ಕಾಲು ಜಾರಿ ಹಳ್ಳಕ್ಕೆ ಉರುಳಿದ್ದಳು. ಬೇಸಿಗೆಯಾದ್ದರಿಂದ ಹಳ್ಳದಲ್ಲಿ ನೀರಿರಲಿಲ್ಲ, ಬರೀ ಕಲ್ಲು. ಮೊಮ್ಮಗಳಿಗೆ ಅವಲಕ್ಕಿ ಕೊಡಲೆಂದು ಮಾಳಕ್ಕೆ ಹೋದ ಹೂವಯ್ಯನಿಗೆ ನರಳಾಟ ಕೇಳಿಸಿತು. ಅವರು ಕೂಗಿದ ಮೇಲೆಯೇ ಚೈತ್ರಾ ಮಷಿನ್ ಬಿಟ್ಟು ಓಡಿದ್ದು. ದುಗ್ಗಮ್ಮನ ಬಾಯಿ ಒಣಗಿ ತುಟಿ ಅಂಟಿಕೊಂಡಿತ್ತು. ಬಿಸಿಲು ಮುಖಕ್ಕೇ ಹೊಡೆಯುತ್ತಿತ್ತು. ರವೀಶನಿಗೆ ಫೋನ್ ಮಾಡಿ, ಗೂಡ್ಸ್ ಗಾಡಿಯಲ್ಲಿ ಹಾಸಿಗೆ ಹಾಸಿ ತೀರ್ಥಹಳ್ಳಿಗೆ ಕರೆದೊಯ್ದರು. ಕಾಲಿನ ಗಂಟಿನ ಹತ್ತಿರ ಮೂಳೆ ಮುರಿದಿತ್ತು.

ಗಾಡಿಯಲ್ಲಿ ಚೈತ್ರಾಳ ಕೈ ಹಿಡಿದುಕೊಂಡು ದುಗ್ಗಮ್ಮ ಹೇಳಿದ್ದು ಇಷ್ಟೇ: "ಕರ್ದೆ ಕಣೆ, ಶರೂ ಶರೂ ಅಂತ. ಪಾಪ, ಮಗು ಆಟದಲ್ಲಿತ್ತು."

ಮನೆಗೆ ಬಂದವಳು ಮಗಳನ್ನು ಅಡಿಗೆಮನೆಗೆ ಕರೆದಳು. ಯಾವ ಉತ್ತರ ಬರಬೇಕೆಂದು ಅವಳಿಗೆ ಗೊತ್ತಿತ್ತು. ಆ ಉತ್ತರವನ್ನು ತಾನೇ ಮಗಳ ಕೈಗೆ ಕೊಟ್ಟಳು.

"ಸ್ಪೀಕರ್ ಜೋರಾಗಿತ್ತಲ್ವಾ ಪುಟ್ಟಿ? ದುಗ್ಗಜ್ಜಿ ಕರೆದಿದ್ದು ಕೇಳಿಸಲಿಲ್ಲ ಅಲ್ದಾ?"

ಶರು ಸುಳ್ಳು ಹೇಳುವ ಹುಡುಗಿಯಲ್ಲ. "ಕೇಳ್ತು" ಎಂದಳು.

"ಮತ್ತೆ?"

"ಮ್ಯಾಚ್ ಮುಗೀಲಿ ಅಂತ... ಅದನ್ನ ನಡುವೆ ನಿಲ್ಸಕ್ಕಾಗಲ್ಲ ಅಮ್ಮ. ಬಿಟ್ಟು ಹೋದ್ರೆ ಟೀಮಿನೋರೆಲ್ಲ ಬಯ್ತಾರೆ."

"ಮುಗಿದ ಮೇಲೆ?"

ಹುಡುಗಿ ಕಾಲಿನ ಬೆರಳಿನಿಂದ ನೆಲ ಕೆರೆದಳು. "ಮರ್ತೇ ಹೋಯ್ತು."

ಚೈತ್ರಾ ಹೊಡೆಯಲಿಲ್ಲ. ತಾನು ಅಂಗಳದಲ್ಲಿ ಎಡವಿದರೆ ಸಾಕು, "ಅಮ್ಮಾ, ಗಾಯ ಆಯ್ತಾ" ಎಂದು ಓಡಿ ಬರುತ್ತಿದ್ದ ಮಗು ಇದೇ. ಇನ್ನು ಮುಂದೆ ತಾನು ಎಲ್ಲಾದರೂ ಬಿದ್ದು ಕೂಗಿದರೆ? ಇವಳು ಬರುತ್ತಾಳೋ, ಮ್ಯಾಚ್ ಮುಗಿಯಲಿ ಎನ್ನುತ್ತಾಳೋ? ಆ ಪ್ರಶ್ನೆ ಅಲ್ಲಿಂದ ಅವಳನ್ನು ಬಿಡಲಿಲ್ಲ.

ಮರುದಿನ ಸ್ಪೀಕರ್ ಬೀರು ಸೇರಿತು. ಮೊಬೈಲ್ ಮಷಿನ್ನಿನ ಡ್ರಾಯರಿಗೆ. ಹೂವಯ್ಯ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಮಾವಯ್ಯ, ಅಟ್ಟದ ಮೇಲಿನ ತಗಡಿನ ಡಬ್ಬ ಇಳಿಸಿಕೊಡಿ. ಬಡಿಯೋಕೆ ಒಂದು ಕೋಲೂ ಬೇಕು."

"ಡಬ್ಬ ಬಡ್ಯಕ್ಕೆ ಮಂಗ ಬಂದದ್ದು ಕಾಣಬೇಕಲ್ಲೆ. ದಿನಾ ಕಣ್ಣು ನೆಟ್ಟು ಕೂರೋರು ಯಾರು?"

"ಶರು ಕಣ್ಣು ನೆಟ್ಟು ಕೂರ್ಲಿ ಅಂತಲೇ ಕೇಳಿದ್ದು" ಎಂದಳು ಚೈತ್ರಾ.

ಹುಕ್ಕು ಹಾಕುವ, ಅಂಚು ಮಡಿಸುವ ಕೈಕೆಲಸವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅವಳೂ ಮಾಳ ಹತ್ತಿದಳು. ಮೊದಲ ದಿನಗಳು ನರಕ. ಶರು ಡಬ್ಬವನ್ನು ಒದ್ದು ಕೆಳಗೆ ಬೀಳಿಸಿದಳು. "ನಿನ್ನ ಕಂಡ್ರೆ ಆಗಲ್ಲ ನಂಗೆ" ಎಂದಳು. ಚೈತ್ರಾ ಇಳಿದು ಡಬ್ಬ ತಂದು ಮಗಳ ಮುಂದಿಟ್ಟು ಹುಕ್ಕು ಹಾಕತೊಡಗಿದಳು. ಸೂಜಿ ಬೆರಳಿಗೆ ಚುಚ್ಚಿತು. ಮಗಳು ನೋಡಿದಳೋ ಇಲ್ಲವೋ, ತಲೆಯೆತ್ತಿ ಪರೀಕ್ಷಿಸಲು ಅವಳಿಗೆ ಧೈರ್ಯ ಸಾಲಲಿಲ್ಲ.

ಒಂದು ಸಂಜೆ ಇಬ್ಬರೂ ದುಗ್ಗಮ್ಮನ ಮನೆಗೆ ಹೋದರು. ದುಗ್ಗಮ್ಮ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಸೊಸೆಗೆ ಸೊಪ್ಪು ಸೋಸಿಕೊಡುತ್ತಿದ್ದಳು. ಬಾಗಿಲಲ್ಲೇ ನಿಂತ ಹುಡುಗಿಯನ್ನು ನೋಡಿ ಕಣ್ಣು ಕಿರಿದು ಮಾಡಿ, "ಏನೇ ಶರೂ, ಅವತ್ತು ಮ್ಯಾಚು ಗೆದ್ಯಾ?" ಎಂದಳು.

ಚೈತ್ರಾಳಿಗೆ ನೆಲ ಬಿರಿಯಬಾರದೇ ಅನಿಸಿತು.

"ಗೆದ್ದೆ" ಎಂದಳು ಶರು.

"ಹೋಗ್ಲಿ ಬಿಡು. ಒಬ್ರಾದ್ರೂ ಗೆದ್ವಲ್ಲ. ನಾ ಅಂತೂ ಮಗುಚಿ ಬಿದ್ದೆ." ದುಗ್ಗಮ್ಮ ತನ್ನ ಮಾತಿಗೆ ತಾನೇ ನಕ್ಕಳು. ಹುಡುಗಿ ನಗಲಿಲ್ಲ. ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಬಾತ ಬೆರಳುಗಳನ್ನೇ ನೋಡುತ್ತ ನಿಂತಳು. ಆಮೇಲೆ ಹತ್ತಿರ ಹೋಗಿ ಒಂದು ಬೆರಳನ್ನು ಮೆಲ್ಲಗೆ ಮುಟ್ಟಿದಳು.

"ಇನ್ನೂ ನೋಯ್ತದಾ ಅಜ್ಜಿ?"

"ನೋಯ್ದೆ ಎಂತ. ನಿಜವಾದ ಕಾಲಲ್ವನೇ."

ಮನೆಗೆ ಬರುವ ದಾರಿಯಲ್ಲಿ ಶರು ಕಾಲಿಗೆ ಸಿಕ್ಕಿದ ಕಲ್ಲನ್ನು ಒದೆಯುತ್ತ ನಡೆದಳು. ಅದು ಪಶ್ಚಾತ್ತಾಪವೋ, ಮೊಬೈಲ್ ಕಿತ್ತುಕೊಂಡ ಸಿಟ್ಟೋ, ಮಗಳ ಮುಖದಲ್ಲಿ ಚೈತ್ರಾಳಿಗೆ ಓದಲಾಗಲಿಲ್ಲ.

ಕೆಲವು ದಿನ ಕಳೆದು, ಮಗಳೊಬ್ಬಳನ್ನೇ ಮಾಳದಲ್ಲಿ ಬಿಟ್ಟು ಚೈತ್ರಾ ದುಗ್ಗಮ್ಮನಿಗೆ ಮೀನು ಸಾರು ಕೊಟ್ಟು ಬರಲು ಹೋದಳು. ವಾಪಸು ಬರುವಾಗ ಸಂಕದ ನಡುವೆ ಕಾಲು ತಾನಾಗಿ ನಿಂತಿತು. ಮಾಳದಿಂದ ಡಬ್ಬದ ಸದ್ದು ಆಗೊಮ್ಮೆ ಈಗೊಮ್ಮೆ ಕೇಳುತ್ತಿತ್ತು. ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳುತ್ತದೆ ಎನ್ನುವುದಂತೂ ಖಾತ್ರಿ. ಒಮ್ಮೆ ಸುಳ್ಳೇ ಅಯ್ಯೋ ಎಂದು ಕೂಗಿಬಿಟ್ಟರೆ? ಮಗಳು ಓಡಿ ಬಂದರೆ ಈ ಅನುಮಾನ ಇವತ್ತಿಗೇ ಮುಗಿಯುತ್ತದೆ.

ಬಾರದೆ ಹೋದರೆ?

ಖಾಲಿ ಪಾತ್ರೆಯನ್ನು ಎದೆಗೊತ್ತಿ ಅವಳು ಹಾಗೇ ನಿಂತಳು. ಅಷ್ಟರಲ್ಲಿ ಡಬ್ಬದ ಸದ್ದು ನಿಂತಿತು.

"ಅಮ್ಮಾ, ಅಲ್ಲೇ ಎಂತಕ್ಕೆ ನಿಂತೆ?"

ಚೈತ್ರಾ ಮಾಳದ ಕಡೆಗೆ ತಲೆಯೆತ್ತಿದಳು, ಕಾಲು ಮಾತ್ರ ಕೀಳಲಿಲ್ಲ.

"ಅಮ್ಮಾ? ಕಾಲು ಸಿಕ್ಕಿಬಿತ್ತಾ? ಅಲ್ಲಾಡಬ್ಯಾಡ, ಬಂದೆ."

ಮಾಳದ ಏಣಿ ಕಿರುಗುಟ್ಟಿತು. ಕೋಲು ಕೆಳಗೆ ಬಿತ್ತು. ಕಾವಲು ತಪ್ಪಿದ್ದೇ ತಡ, ಮೂರು ಮಂಗಗಳು ಗೊನೆಗೆ ಹಾರಿದವು, ಹಿತ್ತಲಿನಿಂದ ಹೂವಯ್ಯ ಬಯ್ಯತೊಡಗಿದರು. ಮಗಳು ಬರುತ್ತಿರುವುದು ತನ್ನ ಮೇಲಿನ ಕಾಳಜಿಗೋ, ಮಾಳದಲ್ಲಿ ಕೂತು ಬೇಸರ ಬಂದದ್ದಕ್ಕೋ, ಚೈತ್ರಾಳಿಗೆ ಗೊತ್ತಾಗಲಿಲ್ಲ. ನಾಳೆ ಶಾಲೆ ಶುರುವಾಗಿ, ಗೆಳತಿಯರ ಕೈಯ ಮೊಬೈಲ್ ಕಂಡಾಗ ಏನಾಗುತ್ತದೋ ಅದೂ ಗೊತ್ತಿಲ್ಲ. ಬಾಳೆಯ ನಡುವೆ ಓಡಿ ಬರುತ್ತಿರುವ ಹೆಜ್ಜೆಯ ಸದ್ದನ್ನು ಮಾತ್ರ ಅವಳು ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

ಹಳ್ಳದ ದಂಡೆಗೆ ಬಂದು ಶರು ಕೈ ಚಾಚಿದಳು. "ಹಿಡ್ಕ. ಜಾರ್ತದೆ ಅಲ್ಲಿ."

ಚೈತ್ರಾ ಹಿಡಿದುಕೊಂಡಳು.