ನಾಯಿಗೆ ಹೊತ್ತ ಬೆಳ್ಳಿ ಕಣ್ಣು

ಮದುವೆಯಾದ ಹೊಸದರಲ್ಲಿ ನಾನು ಕ್ಯಾಸಂಬಳ್ಳಿ ಕಡೆಯ ಅತ್ತೆಮನೆಯ ಬಚ್ಚಲಲ್ಲಿ ನಲ್ಲಿ ತಿರುಗಿಸಿಕೊಂಡು ಸಾಕಷ್ಟು ಅತ್ತಿದ್ದೇನೆ. ಅತ್ತೆ ಬಂದು ಬಾಗಿಲು ಬಡಿಯುತ್ತಿದ್ದರು. "ನೀರು ಸುಮ್ನೆ ಓಗ್ತೈತೆ, ನಿಲ್ಸು" ಎನ್ನುತ್ತಿದ್ದರು. ಅವರು ಹೇಳಿದ್ದು ನಲ್ಲಿಯ ನೀರಿಗೆ.

ಅಂಥ ಅತ್ತೆ ಈಚೆಗೆ ಒಂದು ನಾಯಿಯ ಕಣ್ಣೀರಿಗಾಗಿ ನನ್ನನ್ನು ದನದ ಆಸ್ಪತ್ರೆಗೆ ಅಟ್ಟಿದರು, ಬೆಳಗಿನ ನಿದ್ದೆ ಕೆಡಿಸಿದರು, ದೇವರಿಗೆ ಹರಕೆಯನ್ನೂ ಹೊತ್ತರು. ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚು ಇರಲೇ ಇಲ್ಲ ಎಂದರೆ ಸುಳ್ಳಾದೀತು.

ನಾಯಿ ನಮ್ಮದಲ್ಲ. ನಾವಿರುವುದು ಊರಿಗಾಂನಲ್ಲಿ, ಚಿನ್ನದ ಗಣಿ ಕಂಪನಿಯ ಕಾಲದ ಲೈನ್ ಮನೆಯಲ್ಲಿ. ನಮ್ಮ ಸಾಲಿನ ಕೊನೆಯ ಮನೆಯವರಿಗೆ ವರ್ಗವಾಯಿತು. ಹೊಸ ಊರಿನ ಮನೆ ಮಾಲೀಕ ನಾಯಿ ಕೂಡದು ಅಂದನಂತೆ. ಸ್ವಲ್ಪ ದಿನ ನೋಡಿಕೊಳ್ಳಿ ಎಂದು ಒಂದು ಪುಟ್ಟ ಬಿಳಿ ನಾಯಿಯನ್ನೂ ಅದರ ಬಾಚಣಿಗೆಯನ್ನೂ ನಮ್ಮ ಮನೆಯಲ್ಲಿ ಬಿಟ್ಟು ಹೋದರು. ಆಮೇಲೆ ಅವರ ಫೋನ್ ಬರಲಿಲ್ಲ, ನಾವು ಮಾಡಿದರೆ ಎತ್ತಲೂ ಇಲ್ಲ. ಬಾಚಣಿಗೆ ಕೊಟ್ಟಾಗಲೇ ನನಗೆ ಅರ್ಥವಾಗಬೇಕಿತ್ತು.

ನಾನು ಬಂಗಾರಪೇಟೆಯ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ಸೀರೆ ತಂದವರಿಗೆ ಅದಕ್ಕೊಪ್ಪುವ ಬ್ಲೌಸ್ ಪೀಸ್ ತೆಗೆದುಕೊಡುವ ಅಂಗಡಿ. ನಮ್ಮಲ್ಲಿ ಬಿಳಿ ಎಂದರೆ ಒಂದೇ ಬಿಳಿಯಲ್ಲ: ಹಾಲುಬಿಳಿ, ಮೊಸರುಬಿಳಿ, ಹಾಫ್ ವೈಟ್, ಕ್ರೀಮು. ಯಾವುದು ಯಾವುದೆಂದು ಟ್ಯೂಬ್‌ಲೈಟಿನ ಬೆಳಕಿನಲ್ಲೂ ಹೇಳಬಲ್ಲೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬೇ ಇದೆ. ನಾಯಿ ಬಂದಾಗ ಹಾಲುಬಿಳಿಯಾಗಿತ್ತು. ನೋಡನೋಡುತ್ತ ಅದರ ಎರಡು ಕಣ್ಣಿನ ಮೂಲೆಯಿಂದ ಬಾಯಿಯವರೆಗೆ ಕಂದುಗೆಂಪು ಗೆರೆ ಎಳೆದುಕೊಂಡಿತು, ಯಾರೋ ಡಿಕಾಕ್ಷನ್ ಚೆಲ್ಲಿದ ಹಾಗೆ. ಹೊಟ್ಟೆ ತುಂಬ ತಿಂದು ನನ್ನ ಹಾಸಿಗೆಯಲ್ಲೇ ಮಲಗುವ ಪ್ರಾಣಿ, ಮುಖ ಮಾತ್ರ ಮೂರು ಹೊತ್ತೂ ಏಟು ತಿಂದವರ ಮುಖ. ದಾರಿಯಲ್ಲಿ ಹೋಗುವವರೆಲ್ಲ ಅದನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಿದ್ದರು.

ಅಷ್ಟರಲ್ಲಿ ಅತ್ತೆ ಕಣ್ಣಿನ ಆಪರೇಷನ್ನಿಗೆಂದು ಊರಿಂದ ಬಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಂಗಾರಪೇಟೆಯ ಕಣ್ಣಿನ ಡಾಕ್ಟರು, "ಹಣ್ಣಾಗಿದೆ, ತಡ ಮಾಡಬೇಡಿ, ಮೊದಲು ಒಂದು ಕಣ್ಣು ಮಾಡೋಣ" ಎಂದು ದಿನವನ್ನೂ ಕೊಟ್ಟಿದ್ದರು. ಅತ್ತೆಗೆ ಎಡಗಣ್ಣಲ್ಲಿ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಸಾರನ್ನು ತಟ್ಟೆಗೆ ಬಡಿಸಲು ಹೋಗಿ ಕಾಲ ಮೇಲೆ ಸುರಿದುಕೊಂಡಿದ್ದರು. ಊರಿನಲ್ಲಿ ಹಸು ಕಟ್ಟುವ ಗೂಟಕ್ಕೆ ಎಡವಿ ಬಿದ್ದಿದ್ದರು. ಕೇಳಿದರೆ ಗೂಟ ಜಾಗ ಬದಲಾಯಿಸಿದೆ ಎನ್ನುತ್ತಿದ್ದರು.

ಬಂದ ದಿನವೇ ನಾಯಿ ಅವರ ಮಡಿಲು ಹತ್ತಿತು. ಅವರ ಊರಿನಲ್ಲಿ ನಾಯಿಯ ಮುಖವನ್ನು ಯಾರೂ ಹತ್ತಿರದಿಂದ ನೋಡಿದವರಲ್ಲ. ಹುಲ್ಲಿನ ಮೆದೆ ಕಾಯುವ ನಾಯಿಗೆ ಮುಖ ಇದ್ದರೆಷ್ಟು ಬಿಟ್ಟರೆಷ್ಟು. ಅತ್ತೆ ಇದರ ಕೆನ್ನೆ ಸವರಿದರು, ಬೆರಳು ಒದ್ದೆಯಾಯಿತು.

"ಇದು ಅಳ್ತೈತೆ ಕಣಮ್ಮಾ" ಎಂದರು.

"ಅಳೋದಲ್ಲ ಅತ್ತೆ, ಈ ಜಾತಿ ನಾಯಿಗಳೇ ಹಾಗಂತೆ."

"ಅಳೋದಕ್ಕೆ ಜಾತಿ ಐತಾ? ಎಲ್ಲೋ ಬಿಟ್ಟು ಓದ್ರಲ್ಲ, ಅದುಕ್ಕೆ ಸಂಕ್ಟ. ಅಳೋ ಜೀವಾನ ಮನೇಲಿಕ್ಕೊಂಡು ನಾನು ಕಣ್ಣಿಗೆ ಕತ್ತಿ ಆಕುಸ್ಕೊಳ್ಳಲ್ಲ. ಮೊದ್ಲು ಇದರ ಕಣ್ಣು ಒಣುಗ್ಲಿ, ಆಮೇಲೆ ನಂದು."

ಅವರ ಮಗನಿಗೆ ಹೇಳಿದೆ. ನಮ್ಮ ಯಜಮಾನರು ಗೂಡ್ಸ್ ಟೆಂಪೊ ಓಡಿಸುತ್ತಾರೆ, ಮನೆಯಲ್ಲಿ ಜಗಳ ಬಿಸಿಯಾದಾಗಲೆಲ್ಲ ಅವರಿಗೆ ಲೋಡು ಸಿಗುತ್ತದೆ. ಅಂದೂ ಸಿಕ್ಕಿತು. ಡಾಕ್ಟರು ಕೊಟ್ಟ ದಿನ ಬಂತು, ಹೋಯಿತು.

ಎದುರು ಮನೆಯ ಅಕ್ಕ ತಮಿಳಿನವರು, ಅವರ ಯಜಮಾನರು ಗಣಿಯಲ್ಲಿ ಕೆಲಸ ಮಾಡಿದವರು. ನಾಯಿಯನ್ನು ಎತ್ತಿ ನೋಡಿ, "ಇದು ಎಲ್ಲಾ ಆ ದಿಬ್ಬದ ಧೂಳು ದಾನ್ ಮಾ" ಎಂದರು. ಗಣಿಯಿಂದ ತೆಗೆದ ಕಲ್ಲನ್ನು ಪುಡಿ ಮಾಡಿ ಚಿನ್ನ ಹಿಂಡಿಕೊಂಡು ಉಳಿದ ಬೂದಿಮಣ್ಣನ್ನು ಗುಡ್ಡ ಹಾಕಿ ಹೋಗಿದ್ದಾರೆ, ಅದೇ ಸೈನೈಡ್ ದಿಬ್ಬ. ನಮ್ಮೂರಲ್ಲಿ ಕೂದಲು ಉದುರಿದರೆ ಅದರ ಧೂಳು, ಮಕ್ಕಳು ಪರೀಕ್ಷೆಯಲ್ಲಿ ಫೇಲಾದರೆ ಅದರ ಧೂಳು, ಹೆಣ್ಣಿಗೆ ಗಂಡು ಸಿಗದಿದ್ದರೂ ಅದರದೇ ಧೂಳು. ಚಿನ್ನ ಯಾರ ಮನೆಗೆ ಹೋಯಿತೋ, ದೂರು ಹೇಳಿಕೊಳ್ಳಲು ನಮಗೊಂದು ಗುಡ್ಡ ಉಳಿಯಿತು.

ಅಕ್ಕ ನಂದಿಬಟ್ಟಲು ಹೂ ತಂದು ನಾಯಿಯ ಕಣ್ಣ ಮೇಲೆ ಇಟ್ಟರು, ನಾಯಿ ಅದನ್ನು ತಿಂದಿತು. ಅತ್ತೆ ಅದರ ಕಣ್ಣ ಕೆಳಗೆಲ್ಲ ಹರಳೆಣ್ಣೆ ಸವರಿದರು. ಎಣ್ಣೆಮುಖದ ನಾಯಿ ನೇರ ಹೋಗಿ ನೀರೊಲೆಯ ಬೂದಿಯಲ್ಲಿ ಹೊರಳಾಡಿ ಬಂತು. ಅತ್ತೆ ಅದನ್ನು ಹೆಗ್ಗಣವೆಂದು ತಿಳಿದು ಪೊರಕೆ ಎತ್ತಿದರು.

ಕೊನೆಗೆ ನಾನೇ ಅದನ್ನು ವೈರ್ ಬುಟ್ಟಿಯಲ್ಲಿ ಕೂರಿಸಿಕೊಂಡು ಬೆಳಗಿನ ಟ್ರೈನಿನಲ್ಲಿ ಬಂಗಾರಪೇಟೆಯ ದನದ ಆಸ್ಪತ್ರೆಗೆ ಹೋದೆ. ಅಲ್ಲಿ ಸೀಮೆಹಸುಗಳ ಸಾಲು. ನನ್ನ ಮುಂದಿದ್ದ ರೈತ ಬುಟ್ಟಿಯೊಳಗೆ ಇಣುಕಿ, "ಇದು ಒತ್ತಿಗೆ ಎಷ್ಟು ಲೀಟ್ರು ಕೊಡ್ತದಮ್ಮಾ?" ಎಂದ. ಸುತ್ತಲಿದ್ದವರು ನಕ್ಕರು. ಹಸುಗಳೂ ನಕ್ಕಂತೆ ನನಗೆ ಅನಿಸಿತು.

ಡಾಕ್ಟರು ಮಾತ್ರ ನಗಲಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟು, ರೆಪ್ಪೆ ಬಿಡಿಸಿ ನೋಡಿದರು. ಹುಣ್ಣಿಲ್ಲ, ಕೀವಿಲ್ಲ. ಕಣ್ಣೀರು ಮೂಗಿಗೆ ಇಳಿದು ಹೋಗುವ ದಾರಿ ಇಂಥ ಸಣ್ಣ ಮುಖದ ನಾಯಿಗಳಿಗೆ ಇಕ್ಕಟ್ಟು, ಅದಕ್ಕೇ ಹೊರಗೆ ಹರಿಯುತ್ತದೆ, ಕೂದಲು ಸದಾ ಒದ್ದೆಯಿದ್ದರೆ ಬಣ್ಣ ಹಿಡಿಯುತ್ತದೆ ಎಂದರು. "ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರು, ಹತ್ತಿ. ದಿನಾ ಒರೆಸಿ, ಒರೆಸಿದ ಮೇಲೆ ಒಣಗಿಸಿ. ಒಣಗಿಸೋದೇ ಮುಖ್ಯ. ಕಣ್ಣ ಹತ್ತಿರದ ಕೂದಲು ಗಿಡ್ಡ ಇರಲಿ. ಎಣ್ಣೆ, ಪೌಡರು ಏನೂ ಬೇಡ. ಕಲೆಯಾದ ಕೂದಲು ಬಿಳಿಯಾಗಲ್ಲ, ಹೊಸ ಕೂದಲು ಬರಬೇಕು. ಒರೆಸೋದು ಬಿಟ್ಟರೆ ಮತ್ತೆ ಬರುತ್ತೆ."

"ಅಂದರೆ ಅದು ಅಳ್ತಾ ಇಲ್ಲ?" ಎಂದೆ, ಅತ್ತೆಗೆ ಹೇಳಬೇಕಿತ್ತಲ್ಲ.

"ಇಲ್ಲಮ್ಮ, ಆರಾಮಾಗಿದೆ" ಎಂದರು.

ಅತ್ತೆಗೆ ಹೇಳಿದೆ. "ಡಾಕ್ಟ್ರಿಗೆ ಅದರ ಮನಸ್ಸು ಎಂಗೆ ಗೊತ್ತು?" ಎಂದರು.

ಅಲ್ಲಿಂದ ನನ್ನ ಬೆಳಗುಗಳು ನಾಯಿಯ ಮುಖಕ್ಕೆ ಮೀಸಲಾದವು. ಒಂದು ಕಡೆ ಅನ್ನದ ಕುಕ್ಕರು ಕೂಗುತ್ತಿದ್ದರೆ ಇನ್ನೊಂದು ಕಡೆ ನಾನು ಅದರ ಗಲ್ಲ ಹಿಡಿದು, ಹತ್ತಿ ಅದ್ದಿ, ಒಳಮೂಲೆಯಿಂದ ಕೆಳಕ್ಕೆ ಒರೆಸಿ, ಹಳೇ ಪಂಚೆಯ ತುಂಡಿನಿಂದ ಒತ್ತಿ ಒಣಗಿಸುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕೂತು, "ಮೆಲ್ಲುಗೆ, ಮೆಲ್ಲುಗೆ" ಎನ್ನುತ್ತಿದ್ದರು. ನನ್ನ ಮುಖವನ್ನು ಹೀಗೆ ಹಿಡಿದು ಯಾರಾದರೂ ಒರೆಸಿದ್ದರೆ ಅದು ನನ್ನ ಅಮ್ಮ, ನಾನು ಅಂಗನವಾಡಿಗೆ ಹೋಗುವಾಗ. ತುಟಿ ಕಚ್ಚಿಕೊಂಡು ಒರೆಸುತ್ತಿದ್ದೆ. ಟ್ರೈನು ತಪ್ಪಿದ ದಿನಗಳಲ್ಲಿ ನಾಯಿಯನ್ನು ಬೈಯುತ್ತಿದ್ದೆ, ಅತ್ತೆಗೆ ಕೇಳಲಿ ಎಂದು.

ಹಳೆಯ ಕೂದಲು ಕತ್ತರಿಸಿ ಕತ್ತರಿಸಿ, ಹೊಸದು ಬಂತು. ಮೊದಲು ಕ್ರೀಮು, ಆಮೇಲೆ ಹಾಫ್ ವೈಟು. ಒಂದು ಭಾನುವಾರ ನೋಡುತ್ತೇನೆ, ಮೊಸರುಬಿಳಿ. ಹಾಲುಬಿಳಿ ಆಗದಿದ್ದರೂ ತಗಾದೆ ತೆಗೆಯುವಷ್ಟು ಕಲೆ ಇಲ್ಲ. ಗೆದ್ದೆ ಎಂದುಕೊಂಡು ನಾಯಿಯನ್ನು ಅತ್ತೆಯ ಮುಂದೆ ಕಿಟಕಿಯ ಬೆಳಕಿಗೆ ಹಿಡಿದೆ.

ಅತ್ತೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. "ಇನ್ನೂ ಅಂಗೇ ಐತೆ. ಕೆಂಪುಗೆ."

"ಎಲ್ಲಿ ಕೆಂಪಗಿದೆ ಅತ್ತೆ? ಬಿಳಿ ಯಾವುದು ಅಂತ ನನಗೆ ಗೊತ್ತಿಲ್ವಾ?"

"ನೀನು ಟ್ರೈನ್ ಇಡಿಯೋ ಅವಸ್ರದಾಗೆ ಒರುಸ್ತೀಯ. ಅದುಕ್ಕೇ ಓಗಿಲ್ಲ."

ಆ ದಿನ ನಾನು ಪಾತ್ರೆಗಳನ್ನು ತೊಳೆದ ಸದ್ದು ಪಕ್ಕದ ಗಣಿಯೂರು ಚಾಂಪಿಯನ್ ರೀಫ್ಸ್‌ವರೆಗೆ ಕೇಳಿರಬೇಕು. ಕಣ್ಣಿನ ಡಾಕ್ಟರು ಕೊಟ್ಟ ಎರಡನೇ ದಿನವೂ ಹೋಯಿತು. ಇನ್ನೂ ಬಿಟ್ಟರೆ ಕಷ್ಟ ಎಂದು ಆಸ್ಪತ್ರೆಯವರು ಫೋನಿನಲ್ಲಿ ಗದರಿದರು. ಅದೇ ವಾರ ಅತ್ತೆ ಜಗಲಿಯ ಅಂಚು ಕಾಣದೆ ಕಾಲಿಟ್ಟು ಮೊಣಕೈ ಕೆತ್ತಿಕೊಂಡರು. ಕುರುಡಿಯಾದರೂ ಸರಿ, ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ ಎಂದು ಇವರು ತೀರ್ಮಾನ ಮಾಡಿಯಾಗಿದೆ, ನಾಯಿ ಬರೀ ನೆಪ ಎಂದು ನನಗೆ ಖಾತ್ರಿಯಾಯಿತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು.

ಆಗ ಅವರು ಹರಕೆ ಹೊತ್ತರು. ಕಣ್ಣಿನ ತೊಂದರೆ ಇದ್ದವರು ತೆಳು ಬೆಳ್ಳಿ ತಗಡಿನ ಒಂದು ಜೊತೆ ಕಣ್ಣನ್ನು ಊರ ಅಮ್ಮನಿಗೆ ಒಪ್ಪಿಸುವುದು ನಮ್ಮ ಕಡೆ ಇದ್ದದ್ದೇ. ಸಂಜೆ ಬರುವಾಗ ಒಂದು ಜೊತೆ ತಾ ಎಂದರು. ಸದ್ಯ, ತಮ್ಮ ಕಣ್ಣಿನ ಬಗ್ಗೆ ಬುದ್ಧಿ ಬಂತಲ್ಲ ಎಂದುಕೊಂಡು, "ನಿಮ್ಮ ಹೆಸರಲ್ಲೇ ಅಲ್ವಾ ಅತ್ತೆ?" ಎಂದೆ.

"ನಂಗೇನಾಗೈತೆ? ಬಿಳೀದಕ್ಕೆ" ಎಂದರು. ಬಿಳೀದು ಎಂದರೆ ನಾಯಿ.

ರಾಬರ್ಟ್‌ಸನ್‌ಪೇಟೆಯ ಬೆಳ್ಳಿ ಅಂಗಡಿಯಲ್ಲಿ ತಂದೆ. ಹೊಸ ತಗಡು, ಫಳಫಳ ಹೊಳೆಯುತ್ತಿತ್ತು. ಅತ್ತೆ ಅಂಗೈಯಲ್ಲಿಟ್ಟುಕೊಂಡು ಬಾಗಿಲ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಗಂಟಿಕ್ಕಿತು.

"ಇದು ಬೆಳ್ಳಿ ಅಲ್ಲ, ಇತ್ತಾಳೆ. ನಿಂಗೆ ಮೋಸ ಮಾಡವ್ನೆ."

ನಾನು ಬ್ಯಾಗಿನಲ್ಲಿದ್ದ ಹಾಲುಬಿಳಿ ಬ್ಲೌಸ್ ಪೀಸ್ ತೆಗೆದು ಅವರ ಮಡಿಲಿಗೆ ಹಾಕಿದೆ. "ಇದು ಯಾವ ಬಣ್ಣ ಅತ್ತೆ?"

"ಮಾಸ್ಲು ಅರಿಶ್ಣ. ಯಾಕೆ?"

ದಿನವೆಲ್ಲ ಬಣ್ಣ ಮಾರುವ ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ಪೊರೆ ಬಂದ ಆ ಕಣ್ಣಿಗೆ ಲೋಕವೆಲ್ಲ ಕಂದು. ಕ್ಷೀರಸಾಗರದಲ್ಲಿ ಅದ್ದಿ ತಂದರೂ ಆ ನಾಯಿ ಅವರ ಪಾಲಿಗೆ ಅಳುತ್ತಲೇ ಇರುತ್ತಿತ್ತು. ನಾನು ಉಜ್ಜಿ ಉಜ್ಜಿ ಒರೆಸುತ್ತಿದ್ದದ್ದು ಒಂದು ಮುಖ, ಕಲೆ ಇದ್ದದ್ದು ಇನ್ನೊಂದು ಕಡೆ. ನೆತ್ತಿಗೇರಿದ ಸಿಟ್ಟು ಹಾಗೇ ನಗುವಾಗಿ ಬರುತ್ತಿತ್ತು, ತಡೆದುಕೊಂಡೆ.

ಅಂಗಡಿಯವನನ್ನು ಬಿಡಬಾರದು ಎಂದು ಅತ್ತೆ ಹಟ ಹಿಡಿದರು. ಆಟೊ ಮಾಡಿಕೊಂಡು ಹೋದೆವು. ಅಂಗಡಿಯವನು ಬೇಸರ ಮಾಡಿಕೊಳ್ಳದೆ ತಗಡನ್ನು ಒರೆಗಲ್ಲಿಗೆ ಉಜ್ಜಿ ತೋರಿಸಿ, "ಬೆಳ್ಳೀನೇ ಅವ್ವಾ" ಎಂದ. ಗೆಜ್ಜೆ ಕೊಳ್ಳಲು ಬಂದಿದ್ದ ಹೆಂಗಸೂ ನೋಡಿ ಬೆಳ್ಳಿ ಎಂದಳು. ಅತ್ತೆ ಅವರ ಧ್ವನಿ ಬಂದ ಕಡೆಗೆಲ್ಲ ಮುಖ ತಿರುಗಿಸಿದರು. ನನ್ನ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು.

ಆಟೊದಲ್ಲಿ ಕೂತ ಮೇಲೆ ಕೇಳಿದರು. "ಅಂಗಾದ್ರೆ ಬಿಳೀದರ ಮೂತಿ?"

"ಬೆಳ್ಳಗಿದೆ ಅತ್ತೆ. ಆಗಲೇ ಬೆಳ್ಳಗಾಗಿದೆ."

ಅತ್ತೆ ಸೆರಗಿನ ತುದಿಗೆ ಬೆಳ್ಳಿ ಕಣ್ಣನ್ನು ಗಂಟು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. "ನಂಗೆ ಬಯ ಆಗ್ತೈತೆ ಕಣಮ್ಮಾ" ಎಂದರು.

ಇಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಹಾವು ಕಂಡರೆ ಕೋಲು ಹುಡುಕುವವರು, ನನ್ನನ್ನು ಕಂಡರೆ ತಪ್ಪು ಹುಡುಕುವವರು, ಅವರಿಗೆ ಭಯವೂ ಆಗುತ್ತದೆ ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಸಂಕಟವಾಯಿತು. "ನಾನು ರಜ ಹಾಕ್ತೀನಿ ಅತ್ತೆ, ಜೊತೇಲೇ ಇರ್ತೀನಿ" ಎಂದೆ.

ಆಪರೇಷನ್ ಆಯಿತು. ಅವರು ಒಳಗೆ ಹೋಗುವವರೆಗೂ ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಬಂಗಾರಪೇಟೆಯಲ್ಲೇ ಇರುವ ನಾದಿನಿಯ ಮನೆಯಲ್ಲಿ ಉಳಿದೆವು. ಹೊತ್ತುಹೊತ್ತಿಗೆ ಅವರ ಕಣ್ಣಿಗೆ ಡ್ರಾಪ್ಸ್ ಹಾಕುತ್ತ ನಾನು ನಿದ್ದೆಗೆಟ್ಟೆ. ಅಷ್ಟು ದಿನ ನಾಯಿ ಎದುರು ಮನೆಯ ಅಕ್ಕನ ಹತ್ತಿರ ಇತ್ತು. ಅಕ್ಕ ಅದಕ್ಕೆ ಮೊಟ್ಟೆ ಹಾಕಿದರು, ಮುದ್ದು ಮಾಡಿದರು, ಮುಖ ಮಾತ್ರ ಒರೆಸಲಿಲ್ಲ.

ಹಾಗಾಗಿ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಮನೆಗೆ ಬಂದಾಗ ಬಾಗಿಲಲ್ಲಿ ನಮ್ಮನ್ನು ಎದುರುಗೊಂಡದ್ದು ಮತ್ತೆ ಎರಡು ಕಂದು ಗೆರೆ ಎಳೆದುಕೊಂಡ ಮುಖ. ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇತ್ತಲ್ಲ, ಅದಕ್ಕೂ ಇದೇ ನೆಪವಾದರೆ? ನೀರು ಕಾಯಿಸಿ, ಆರಲು ಬಿಟ್ಟು, ಹತ್ತಿ ತಂದು ನಾಯಿಯನ್ನು ಎತ್ತಿಕೊಂಡು ಜಗಲಿಯ ಮೇಲೆ ಕೂತೆ.

ಅತ್ತೆ ಪಕ್ಕಕ್ಕೆ ಬಂದು ಕೂತರು. ಕನ್ನಡಕವನ್ನು ತುಸು ಮೇಲೆತ್ತಿ ಹೊಸ ಕಣ್ಣಿನಿಂದ ನಾಯಿಯನ್ನು ನೋಡಿದರು. "ಅಯ್ಯೋ, ಇಷ್ಟೇನಾ?" ಎಂದರು. "ಇದುಕ್ಕಾ ನೀನು ದಿನಾ ಕುಂತ್ಕೊಂಡು ಒರುಸ್ತಿದ್ದೆ?"

ನಾನು ಉತ್ತರ ಕೊಡುವ ಮೊದಲೇ ಅವರ ನೋಟ ನಾಯಿಯಿಂದ ನನ್ನ ಕಡೆ ತಿರುಗಿತು. ಅಲ್ಲೇ ನಿಂತಿತು.

"ಇದೇನಮ್ಮಾ, ನಿನ್ನ ಕಣ್ಣು ಕೆಳುಗೆ ಇಷ್ಟು ಕಪ್ಪು? ಯಾವತ್ತಿಂದ ಇಂಗೈತೆ?"

"ದಿಬ್ಬದ ಧೂಳು ಅತ್ತೆ" ಎಂದೆ.

ಅವರು ನಗಲಿಲ್ಲ. ನಾಯಿಯನ್ನು ನನ್ನ ಮಡಿಲಿಂದ ಕೆಳಗಿಳಿಸಿದರು. ಉಗುರುಬೆಚ್ಚಗಿನ ನೀರಿಗೆ ಹತ್ತಿ ಅದ್ದಿ ಹಿಂಡಿ, ಇನ್ನೊಂದು ಕೈಯಲ್ಲಿ ನನ್ನ ಗಲ್ಲ ಹಿಡಿದು ಎತ್ತಿದರು. ಆ ನೀರು ನಾಯಿಗೆ ಇಟ್ಟದ್ದು ಎಂದು ನಾನು ಹೇಳಲಿಲ್ಲ.